ತುಕ್ಕು ಒಳಗಿನಿಂದ ಬಂದದ್ದೋ ಹೊರಗಿನಿಂದ ಬಂದದ್ದೋ: ಕೊಡಗಿನ ಮಳೆಯಲ್ಲಿ ಒಂದು ಬಾಡಿ ವಾರಂಟಿ

ಹೊಸ ಕಾರು ಕೊಂಡಾಗ ಕೊಡುವ ವಾರಂಟಿ ಪುಸ್ತಕದಲ್ಲಿ ಎಂಜಿನ್, ಗೇರ್‌ಬಾಕ್ಸ್‌ಗಳ ವಿಷಯವೆಲ್ಲ ಮುಗಿದ ಮೇಲೆ, ಕಾರಿನ ಬಾಡಿಯ ತಗಡಿಗೆ ಹಿಡಿಯುವ ತುಕ್ಕಿನ ಬಗ್ಗೆ ಒಂದು ಪ್ರತ್ಯೇಕ ಭಾಗ ಇರುವುದುಂಟು. ಮಾಮೂಲಿ ವಾರಂಟಿ ಮುಗಿದ ಮೇಲೂ ಈ ಭಾಗ ಕೆಲವು ವರ್ಷ ಜಾರಿಯಲ್ಲಿರುತ್ತದೆ ಎಂಬುದು ನಮ್ಮ ಕಡೆ ಬಹಳ ಜನರಿಗೆ ತಿಳಿದಿಲ್ಲ, ತಿಳಿದವರಲ್ಲಿಯೂ ಅದನ್ನು ಕೇಳಿ ಪಡೆದವರು ಕಡಿಮೆ. ನಮ್ಮ ಕಾರಿಗೆ ಅದರ ಅವಧಿ ಆರು ವರ್ಷವಿತ್ತು. ಆ ಅವಧಿ ಮುಗಿಯುವ ಮೊದಲು ಹಿಂದಿನ ಎಡಬಾಗಿಲಿನ ಕೆಳ ಅಂಚು ಒಳಗಿನಿಂದ ತುಕ್ಕು ತಿಂದು ತೂತಾದದ್ದು ಸಾಬೀತಾಗಿ, ಕಂಪನಿಯೇ ತನ್ನ ಖರ್ಚಿನಲ್ಲಿ ಬಾಗಿಲನ್ನು ಬದಲಾಯಿಸಿಕೊಟ್ಟಿತು. ಮೊದಲು ಆಗುವುದಿಲ್ಲ ಎಂದವರು ಆಮೇಲೆ ಒಪ್ಪಿಕೊಂಡದ್ದು ಜೋರು ಮಾತಿನಿಂದಲ್ಲ. ತುಕ್ಕು ಯಾವ ಕಡೆಯಿಂದ ಹೊರಟಿತು ಎಂಬ ಒಂದೇ ಪ್ರಶ್ನೆಗೆ ನಮ್ಮ ಬಳಿ ಸ್ಪಷ್ಟವಾದ ಉತ್ತರವಿತ್ತು, ಮತ್ತು ಆ ಉತ್ತರ ಕಾಗದದಲ್ಲಿತ್ತು. ಕೊಡಗಿನಲ್ಲಿ ಕಾರು ಇಟ್ಟುಕೊಂಡವರಿಗೆ ಈ ಪ್ರಶ್ನೆ ಇಂದಲ್ಲ ನಾಳೆ ಎದುರಾಗುವಂಥದ್ದೇ ಆದ್ದರಿಂದ ನಡೆದದ್ದನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ಆ ಭಾಗದ ಮುಖ್ಯ ವಾಕ್ಯ ಬಹುಮಟ್ಟಿಗೆ ಎಲ್ಲ ಕಂಪನಿಗಳ ಪುಸ್ತಕದಲ್ಲೂ ಒಂದೇ ಅರ್ಥದಲ್ಲಿರುತ್ತದೆ. ಲೋಹದ ಅಥವಾ ತಯಾರಿಕೆಯ ದೋಷದಿಂದ ಬಾಡಿಯ ತಗಡು ಒಳಭಾಗದಿಂದ ಹೊರಭಾಗದ ಕಡೆಗೆ ತುಕ್ಕು ಹಿಡಿದು ತೂತಾದರೆ ಕಂಪನಿ ಅದನ್ನು ಸರಿಪಡಿಸುತ್ತದೆ ಅಥವಾ ಆ ಭಾಗವನ್ನು ಬದಲಾಯಿಸುತ್ತದೆ. ಈ ವಾಕ್ಯದಲ್ಲಿ ಎರಡು ಷರತ್ತುಗಳು ಅಡಗಿವೆ: ತೂತಾಗಿರಬೇಕು, ಮತ್ತು ಅದು ಒಳಗಿನಿಂದ ಆಗಿರಬೇಕು. ಮೇಲ್ಮೈಯಲ್ಲಿ ಕಾಣುವ ತುಕ್ಕು ಪೇಂಟಿನ ವಾರಂಟಿಗೆ ಸೇರುತ್ತದೆ, ಅದರ ಅವಧಿ ಸಾಮಾನ್ಯವಾಗಿ ಇದಕ್ಕಿಂತ ಚಿಕ್ಕದು. ಕಲ್ಲು ಸಿಡಿದು ಪೇಂಟ್ ಹಾರಿದ ಜಾಗದ ತುಕ್ಕು, ಅಪಘಾತದ ನಂತರ ಹೊರಗೆ ಮಾಡಿಸಿದ ಕೆಲಸದಿಂದ ಬಂದ ತುಕ್ಕು, ನೆರೆನೀರಿನಲ್ಲಿ ಮುಳುಗಿದ್ದರಿಂದ ಆದ ಹಾನಿ, ರಾಸಾಯನಿಕ, ಹಕ್ಕಿಯ ಹಿಕ್ಕೆ, ಮರದ ಅಂಟು ಇವುಗಳಿಂದಾದ ಹಾನಿ ಯಾವುದಕ್ಕೂ ಇದು ಅನ್ವಯಿಸುವುದಿಲ್ಲ. ಸೈಲೆನ್ಸರ್ ಪೈಪು, ಚಕ್ರದ ಡಿಸ್ಕು ಮುಂತಾದವು ಬಾಡಿಯ ತಗಡಿನ ಲೆಕ್ಕಕ್ಕೆ ಬರುವುದಿಲ್ಲ. ಇನ್ಶೂರೆನ್ಸ್ ಇದೆಯಲ್ಲ ಎಂದು ನಂಬುವವರಿಗೂ ಒಂದು ಮಾತು: ಸವೆತದಿಂದಾಗುವ ನಷ್ಟವನ್ನು ವಾಹನ ವಿಮೆ ಹೊರಗಿಡುತ್ತದೆ, ತುಕ್ಕು ಆ ಸಾಲಿಗೇ ಸೇರುತ್ತದೆ. ಹಾಗಾಗಿ ತುಕ್ಕಿನ ವಿಷಯದಲ್ಲಿ ಮಾಲೀಕನ ಕೈಯಲ್ಲಿರುವುದು ಈ ಒಂದು ವಾಕ್ಯ ಮಾತ್ರ.

ಇಂಥ ವಾರಂಟಿ ಹುಟ್ಟಿದ್ದು ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶಗಳಲ್ಲಿ. ಅಲ್ಲಿಯ ಕಾರುಗಳು 1970ರ ದಶಕದಲ್ಲಿ ಕೆಲವೇ ವರ್ಷಗಳಲ್ಲಿ ತುಕ್ಕು ಹಿಡಿದು ಹಾಳಾಗುತ್ತಿದ್ದವು. ಬ್ರಿಟನ್ನಿನಲ್ಲಿ ಲಾನ್ಸಿಯಾ ಕಂಪನಿ ತನ್ನ ಬೀಟಾ ಕಾರುಗಳನ್ನು ತುಕ್ಕಿನ ಕಾರಣಕ್ಕಾಗಿ ಮಾಲೀಕರಿಂದ ಮರಳಿ ಕೊಂಡ 1980ರ ಪ್ರಕರಣ ಪ್ರಸಿದ್ಧವಾಗಿದೆ. ಅದೇ ಕಾಲದಲ್ಲಿ ಪೋರ್ಷೆ 1976ರ ಮಾದರಿಗಳಿಗೆ ಸತು ಲೇಪಿಸಿದ ಉಕ್ಕಿನ ಬಾಡಿ ಬಳಸಿ, ತಳಭಾಗ ತುಕ್ಕಿನಿಂದ ತೂತಾಗುವುದಿಲ್ಲ ಎಂದು ಆರು ವರ್ಷದ ಭರವಸೆ ಕೊಟ್ಟಿತು. 1986ರಲ್ಲಿ ಆಡಿ ತನ್ನ 80 ಮಾದರಿಯ ಇಡೀ ಬಾಡಿಗೆ ಸತುವಿನ ಲೇಪ ಕೊಟ್ಟಿತು. ಇಂದು ಯುರೋಪಿನಲ್ಲಿ ಫೋಕ್ಸ್‌ವ್ಯಾಗನ್, ಟೊಯೋಟ ಮೊದಲಾದ ಕಂಪನಿಗಳು ತೂತಾಗುವ ತುಕ್ಕಿಗೆ 12 ವರ್ಷದ ವಾರಂಟಿ ಕೊಡುತ್ತವೆ. ಅಮೆರಿಕದಲ್ಲಿ ಟೊಯೋಟದ ಟಕೋಮ ಪಿಕಪ್‌ಗಳ ಚಾಸಿ ತುಕ್ಕು ಹಿಡಿದದ್ದರಿಂದ 2008ರಲ್ಲಿ ಕಂಪನಿ 1995ರಿಂದ 2000ದವರೆಗಿನ ಮಾದರಿಗಳ ಅವಧಿಯನ್ನು 15 ವರ್ಷಕ್ಕೆ ಏರಿಸಬೇಕಾಯಿತು. ನಮ್ಮ ದೇಶದಲ್ಲಿ ಈ ಅವಧಿ ಕಂಪನಿಯಿಂದ ಕಂಪನಿಗೆ ಬೇರೆಯಾಗುತ್ತದೆ. ರಸ್ತೆಗೆ ಉಪ್ಪು ಹಾಕದ ಊರಿನಲ್ಲಿ ತುಕ್ಕಿನ ಚಿಂತೆ ಏಕೆ ಎಂದು ಕೇಳುವವರು ಕೊಡಗಿನ ಮಳೆಗಾಲವನ್ನು ನೋಡಿಲ್ಲ.

ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಎರಡೂ ಬೇಕು. ಎಷ್ಟು ಮಳೆ ಬಿತ್ತು ಎಂಬುದಕ್ಕಿಂತ ತಗಡು ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದೇ ಇಲ್ಲಿ ಮುಖ್ಯ. ವಾತಾವರಣದಿಂದಾಗುವ ತುಕ್ಕನ್ನು ಅಳೆಯುವ ಐಎಸ್‌ಒ 9223 ಮಾನದಂಡ, ಗಾಳಿಯ ತೇವಾಂಶ ಶೇಕಡಾ 80ಕ್ಕಿಂತ ಹೆಚ್ಚಿದ್ದು ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಮೇಲಿರುವ ಗಂಟೆಗಳನ್ನು ಒದ್ದೆಯ ಗಂಟೆಗಳೆಂದು ಲೆಕ್ಕ ಹಾಕುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿ ಕಡೆ. ಇಲ್ಲಿ ತೋಟದ ಮನೆಯವರು ಇಂದಿಗೂ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲೇ (ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಮಳೆಯ ತಿಂಗಳು) ದಿನಗಳಲ್ಲಿ ಮಳೆ ನಿಂತ ಹೊತ್ತಿನಲ್ಲೂ ಮಂಜು ಕವಿದಿರುತ್ತದೆ, ಹಗ್ಗದ ಮೇಲೆ ಹಾಕಿದ ಬಟ್ಟೆ ವಾರವಾದರೂ ಒಣಗುವುದಿಲ್ಲ. ಶೆಡ್ಡಿನೊಳಗೆ ನಿಲ್ಲಿಸಿದ ಕಾರಿನ ಬಾಗಿಲೊಳಗಿನ ನೀರೂ ಹಾಗೆಯೇ ಒಣಗದೆ ಉಳಿಯುತ್ತದೆ. ಐವತ್ತು ಕಿಲೋಮೀಟರಿನ ಒಳಗೇ ಇರುವ ಕುಶಾಲನಗರದಲ್ಲಿ ಇದರ ಅರ್ಧ ಮಳೆಯೂ ಬೀಳುವುದಿಲ್ಲ. ಒಂದೇ ಜಿಲ್ಲೆಯ ಎರಡು ಕಾರುಗಳು ಒಂದೇ ವಯಸ್ಸಿಗೆ ಎಷ್ಟು ಬೇರೆಯಾಗಿ ಕಾಣುತ್ತವೆ ಎಂಬುದಕ್ಕೆ ಈ ವ್ಯತ್ಯಾಸವೇ ಕಾರಣ. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸುವ ಅಭ್ಯಾಸ ನಮ್ಮಲ್ಲಿದೆ. ಅದು ತೇವವನ್ನು ಒಳಗೇ ಹಿಡಿದಿಡುವುದರಿಂದ ಆ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಕಾರ್ಖಾನೆಯಲ್ಲಿ ತಗಡಿಗೆ ಸಿಗುವ ರಕ್ಷಣೆಯೇನೂ ಕಡಿಮೆಯದಲ್ಲ. ಒಳ್ಳೆಯ ಬಾಡಿಗಳಲ್ಲಿ ಉಕ್ಕಿನ ಮೇಲೆ ಕೆಲವು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪದ ಸತುವಿನ ಲೇಪವಿರುತ್ತದೆ. ಉಕ್ಕಿಗೆ ಬರುವ ತುಕ್ಕನ್ನು ಸತು ತನ್ನ ಮೇಲೆ ತೆಗೆದುಕೊಂಡು ತಾನು ಮೊದಲು ಸವೆಯುತ್ತದೆ. ಆ ಮೇಲೆ ಫಾಸ್ಫೇಟಿನ ಪದರ. ಅದಾದ ಮೇಲೆ ಇಡೀ ಬಾಡಿಯನ್ನು ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ, ಸುಮಾರು 20 ಮೈಕ್ರಾನ್ ದಪ್ಪದ ಪದರ ಕೂರುವಂತೆ ಮಾಡಿ ಒಲೆಯಲ್ಲಿ ಬೇಯಿಸುತ್ತಾರೆ. ಬಣ್ಣ, ಮೇಲಿನ ಕ್ಲಿಯರ್ ಕೋಟ್ ಎಲ್ಲ ಸೇರಿದರೆ ಒಟ್ಟು ಪೇಂಟಿನ ದಪ್ಪ ನೂರು ನೂರೈವತ್ತು ಮೈಕ್ರಾನಿನ ಆಸುಪಾಸಿಗೆ ಬರುತ್ತದೆ. ತೊಟ್ಟಿಯ ಪ್ರೈಮರ್ ಒಳಮೂಲೆಗಳಿಗೂ ಹರಿಯುತ್ತದೆ, ಆದರೆ ಎರಡು ತಗಡುಗಳು ಒಂದರ ಮೇಲೊಂದು ಮಡಿಚಿಕೊಳ್ಳುವ ಜಾಗಕ್ಕೆ ಅದು ಪೂರ್ತಿ ಇಳಿಯುವುದಿಲ್ಲ. ಬಾಗಿಲಿನ ಹೊರತಗಡನ್ನು ಒಳತಗಡಿನ ಅಂಚಿನ ಮೇಲೆ ಮಡಿಚಿ ಒತ್ತಿರುವ ಕೆಳ ಅಂಚು, ಬಾನೆಟ್ಟಿನ ಮುಂದಿನ ಅಂಚು, ಡಿಕ್ಕಿ ಬಾಗಿಲಿನ ಕೆಳ ಅಂಚು ಅಂಥ ಜಾಗಗಳು. ಅಲ್ಲಿಯ ರಕ್ಷಣೆ ಬಹುಪಾಲು ಸಂದು ಮುಚ್ಚುವ ಅಂಟಿನ, ಅಂದರೆ ಸೀಲಂಟಿನ ಮೇಲೆ ನಿಂತಿದೆ. ಗಾಜಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಮೂಲಕ ಮಳೆನೀರು ಬಾಗಿಲೊಳಗೆ ಇಳಿಯುವುದು ಸಹಜ. ಅದು ಹೊರಹೋಗಲೆಂದೇ ಕೆಳ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಆ ತೂತು ಕಟ್ಟಿಕೊಂಡರೆ ಬಾಗಿಲು ಒಂದು ತೊಟ್ಟಿಯಾಗುತ್ತದೆ.

ನಮ್ಮ ಕಾರಿನಲ್ಲಿ ಆದದ್ದು ಇದೇ. ಬಾಗಿಲಿನ ಕೆಳ ಅಂಚಿನುದ್ದಕ್ಕೂ ಪೇಂಟ್ ಸಣ್ಣ ಗುಳ್ಳೆಗಳಾಗಿ ಎದ್ದಿತ್ತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿಯುವುದರಿಂದ ಮೇಲಿನ ಪೇಂಟನ್ನು ಎತ್ತುತ್ತದೆ. ಗುಳ್ಳೆ ಕಂಡ ಹೊತ್ತಿಗೆ ಅಡಿಯಲ್ಲಿ ಬಹಳಷ್ಟು ಕೆಲಸ ಆಗಿರುತ್ತದೆ. ಕುಶಾಲನಗರದಲ್ಲಿ ನಮ್ಮ ಹಳೆಯ ಜೀಪಿನ ಟಿಂಕರಿಂಗ್ ಕೆಲಸ ಮಾಡಿಕೊಡುವ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುವುದು. ಗ್ರೈಂಡರ್ ಹಿಡಿದು ಉಜ್ಜಿ, ಪುಟ್ಟಿ ಹಾಕಿ, ಬಣ್ಣ ಹೊಡೆದು ಒಂದೇ ದಿನದಲ್ಲಿ ಮುಗಿಸಿ ಕಳಿಸಬಲ್ಲವರು ಅವರು. ಬಾಗಿಲನ್ನು ಕೆಳಗಿನಿಂದ ನೋಡಿ, ಬೆರಳ ಗಂಟಿನಿಂದ ತಟ್ಟಿ, “ಇದಕ್ಕೆ ಗ್ಯಾರಂಟಿ ಉಂಟಾ ನೋಡಿ ಮೊದಲು. ನಾನು ಕೈ ಹಾಕಿದ್ರೆ ಕಂಪನಿಯವರು ಮುಟ್ಟೋದಿಲ್ಲ” ಎಂದರು. ಕೈಗೆ ಬಂದ ಕೆಲಸವನ್ನು ಬಿಟ್ಟು ಈ ಮಾತು ಹೇಳಿದ ಅವರಿಗೆ ನಾನು ಋಣಿ. ಒಮ್ಮೆ ಗ್ರೈಂಡರ್ ಹಾಕಿದರೆ ತುಕ್ಕು ಎಲ್ಲಿಂದ ಹೊರಟಿತು ಎಂಬುದಕ್ಕೆ ಇರುವ ಸಾಕ್ಷಿಯೆಲ್ಲ ಪುಡಿಯಾಗಿ ಹೋಗುತ್ತದೆ. ಪುಟ್ಟಿ ಹಾಕಿದ ಮೇಲಂತೂ ಪೇಂಟಿನ ದಪ್ಪ ಅಳೆಯುವ ಯಂತ್ರ ಅದನ್ನು ಕ್ಷಣದಲ್ಲಿ ತೋರಿಸಿಬಿಡುತ್ತದೆ, ಅಲ್ಲಿಗೆ ವಾರಂಟಿಯ ಮಾತು ಮುಗಿಯುತ್ತದೆ.

ತುಕ್ಕಿನ ದಿಕ್ಕನ್ನು ಓದುವುದು ಕಷ್ಟವಲ್ಲ, ತಾಳ್ಮೆ ಬೇಕು. ಹೊರಗಿನಿಂದ ಹೊರಟ ತುಕ್ಕಿಗೆ ಒಂದು ಕೇಂದ್ರವಿರುತ್ತದೆ: ಕಲ್ಲು ಬಡಿದ ಚುಕ್ಕೆ, ಗೀರು, ಗೇಟಿಗೆ ತಾಗಿದ ಗುರುತು. ಪೇಂಟ್ ಹಾರಿದ ಆ ಜಾಗದಿಂದ ತುಕ್ಕು ಸುತ್ತ ಹರಡಿಕೊಂಡಿರುತ್ತದೆ, ತಗಡಿನ ಒಳಮುಖ ಸ್ವಚ್ಛವಾಗಿರುತ್ತದೆ. ಒಳಗಿನಿಂದ ಹೊರಟದ್ದಕ್ಕೆ ಅಂಥ ಕೇಂದ್ರವಿಲ್ಲ. ಗುಳ್ಳೆಗಳು ಮಡಿಕೆಯ ಅಂಚನ್ನೇ ಹಿಡಿದು ಸಾಲಾಗಿ ಸಾಗುತ್ತವೆ, ಅವುಗಳ ಮೇಲಿನ ಪೇಂಟ್ ಒಡೆಯದೆ ಇರುತ್ತದೆ, ಕೆಳಗಿನ ತೂತಿನಿಂದ ಅಥವಾ ಸೀಲಂಟಿನ ಬಿರುಕಿನಿಂದ ಚಹಾ ಬಣ್ಣದ ನೀರು ಇಳಿದ ಕಲೆ ಕಾಣುತ್ತದೆ. ಬಿಸಿಲು ಬಂದ ದಿನ ಒಣಗಿದ ಬಾಗಿಲನ್ನು ಮುಚ್ಚಿದರೆ ಒಳಗೆ ತುಕ್ಕಿನ ಚೂರು ಉದುರುವ ಸದ್ದು ಕೇಳಿಸುವುದೂ ಉಂಟು. ನಾವು ಬಾಗಿಲನ್ನು ತೊಳೆದು ಒರೆಸಿ, ಇಡೀ ಬಾಗಿಲು ಕಾಣುವಂತೆ, ಅಂಚು ಮಾತ್ರ ಕಾಣುವಂತೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕೆಳಗಿನಿಂದ ಟಾರ್ಚ್ ಬಿಟ್ಟು ಫೋಟೋ ತೆಗೆದೆವು. ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಬೇಕೆಂಬ ಆಸೆಯನ್ನು ಮಾತ್ರ ಬಿಟ್ಟೆವು. ನಾವು ಚುಚ್ಚಿದ ತೂತನ್ನು ತುಕ್ಕಿನ ತೂತು ಎಂದು ಒಪ್ಪಿಸುವುದು ಅಸಾಧ್ಯ.

ನಮ್ಮ ಕಾರಿನ ಕಂಪನಿಗೆ ಬಾಡಿ ಮತ್ತು ಪೇಂಟಿಂಗ್ ಕೆಲಸ ಮಾಡುವ ಅಧಿಕೃತ ವರ್ಕ್‌ಶಾಪ್ ನಮಗೆ ಹತ್ತಿರದಲ್ಲಿರುವುದು ಮೈಸೂರಿನಲ್ಲಿ. ಕುಶಾಲನಗರ, ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರು ದಾಟಿ ಹೋಗಬೇಕು. ಅಲ್ಲಿಯ ಸರ್ವೀಸ್ ಅಡ್ವೈಸರ್ ಸೌಜನ್ಯದಿಂದಲೇ ನೋಡಿದರು, ಆದರೆ ಮೊದಲ ಉತ್ತರ ಇದು ಮೇಲ್ಮೈಯ ತುಕ್ಕು, ಪೇಂಟಿನ ವಾರಂಟಿ ಮುಗಿದಿದೆ, ತೂತು ಬಿದ್ದಿಲ್ಲ, ಬಿದ್ದರೆ ಬನ್ನಿ ಎಂದಾಗಿತ್ತು. ಕೇಳಲು ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ವಾರಂಟಿಯ ಅವಧಿ ಮುಗಿಯುವುದಕ್ಕೆ ಒಂದು ಮಳೆಗಾಲ ಮಾತ್ರ ಬಾಕಿ ಇರುವಾಗ, ತೂತು ಬಿದ್ದ ಮೇಲೆ ಬನ್ನಿ ಎನ್ನುವುದು ಅವಧಿ ಮುಗಿದ ಮೇಲೆ ಬನ್ನಿ ಎಂದಂತೆಯೇ. ಅದಕ್ಕಿಂತ ಮುಖ್ಯವಾಗಿ, ಪೇಂಟಿನ ಗುಳ್ಳೆಯನ್ನು ಹೊರಗಿನಿಂದ ನೋಡಿ ಅದರಡಿಯ ತಗಡು ತೂತಾಗಿಲ್ಲ ಎಂದು ಯಾರೂ ಹೇಳಲಾರರು. ತಗಡು ಪೂರ್ತಿ ಹೋಗಿ ಪೇಂಟ್ ಮಾತ್ರ ಪೊರೆಯಂತೆ ನಿಂತಿರುವುದು ಸಾಮಾನ್ಯ ಸಂಗತಿ. ನಾವು ಅಲ್ಲಿ ವಾದಕ್ಕೆ ಇಳಿಯಲಿಲ್ಲ. ಹಿಂದಿನ ಎಡಬಾಗಿಲಿನ ಕೆಳ ಅಂಚಿನಲ್ಲಿ, ಹೊರಗಿನ ಗೀರಿಲ್ಲದೆ, ಸಾಲು ಗುಳ್ಳೆಗಳಿವೆ ಎಂದು ಜಾಬ್ ಕಾರ್ಡಿನಲ್ಲಿ (ಕಾರು ಒಪ್ಪಿಸುವಾಗ ವರ್ಕ್‌ಶಾಪ್ ಬರೆಯುವ ಹಾಳೆ) ಬರೆಯಿಸಿ, ದಿನಾಂಕ, ಕಿಲೋಮೀಟರ್ ಮತ್ತು ಮೊಹರಿನ ಸಮೇತ ಪ್ರತಿ ತೆಗೆದುಕೊಂಡೆವು. ಅವಧಿಯೊಳಗೆ ದೋಷ ತಿಳಿಸಲಾಗಿದೆ ಎಂಬುದಕ್ಕೆ ಆ ಒಂದು ಹಾಳೆಗಿಂತ ದೊಡ್ಡ ಆಧಾರವಿಲ್ಲ. ಬಾಯಿಮಾತಿನಲ್ಲಿ ತೋರಿಸಿ ಬಂದವರಿಗೆ ಮುಂದೆ ಏನೂ ಉಳಿಯುವುದಿಲ್ಲ.

ಊರಿಗೆ ಬಂದು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಬರೆದೆವು. ವಾರಂಟಿ ಪುಸ್ತಕದ ಆ ವಾಕ್ಯವನ್ನು ಹಾಗೆಯೇ ಉದ್ಧರಿಸಿ, ಫೋಟೋಗಳನ್ನೂ ಜಾಬ್ ಕಾರ್ಡನ್ನೂ ಪ್ರತಿ ವರ್ಷದ ಸರ್ವೀಸ್ ದಾಖಲೆಯನ್ನೂ ಸೇರಿಸಿ, ಬಾಗಿಲಿನ ಒಳಪ್ಯಾಡ್ ಬಿಚ್ಚಿ ಒಳಮುಖವನ್ನು ಪರೀಕ್ಷಿಸಿದ ನಂತರವೇ ತೀರ್ಮಾನ ತಿಳಿಸಬೇಕೆಂದು ಕೇಳಿದೆವು. ಸರ್ವೀಸ್ ದಾಖಲೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಹಲವು ಕಂಪನಿಗಳು ತುಕ್ಕಿನ ವಾರಂಟಿ ಉಳಿಯಬೇಕಾದರೆ ನಿಗದಿತ ಸಮಯಕ್ಕೆ ಬಾಡಿ ತಪಾಸಣೆ ಮಾಡಿಸಿ ಪುಸ್ತಕದಲ್ಲಿ ಮೊಹರು ಹಾಕಿಸಿರಬೇಕು ಎಂಬ ಷರತ್ತು ಇಡುತ್ತವೆ. ಎಂಜಿನ್ ಆಯಿಲ್ ಬದಲಾಯಿಸಿದ ಬಿಲ್ ಇದಕ್ಕೆ ಸಾಲದು, ಆ ಪುಟವೇ ಬೇರೆ ಇರುತ್ತದೆ. ಮಾಮೂಲಿ ವಾರಂಟಿ ಮುಗಿದ ಮೇಲೆ ಊರಿನ ಗ್ಯಾರೇಜಿಗೆ ಬದಲಾಯಿಸುವುದು ನಮ್ಮಲ್ಲಿ ರೂಢಿ, ಅದು ತಪ್ಪೂ ಅಲ್ಲ. ಆದರೆ ಬಾಡಿ ತಪಾಸಣೆಯೊಂದನ್ನಾದರೂ ವರ್ಷಕ್ಕೊಮ್ಮೆ ಅಧಿಕೃತ ಜಾಗದಲ್ಲಿ ಮಾಡಿಸಿ ಮೊಹರು ಹಾಕಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಕಂಪನಿಯ ಕಡೆಯಿಂದ ಬಂದ ಮುಂದಿನ ಆಕ್ಷೇಪ ನನಗೆ ಯೋಗ್ಯವಾದದ್ದೆಂದೇ ತೋರಿತು. ಕಾರು ಕಾಫಿ ತೋಟದಲ್ಲಿರುವುದರಿಂದ ಗೊಬ್ಬರ ಮತ್ತು ಔಷಧಿಯ ಸಂಪರ್ಕದಿಂದ ತುಕ್ಕು ಬಂದಿರಬಹುದು ಎಂದು ಅವರು ಬರೆದಿದ್ದರು. ತೋಟದವರು ಪೊಟ್ಯಾಷ್ ಎಂದು ಕರೆಯುವ ಕೆಂಪು ಗೊಬ್ಬರ ಪೊಟ್ಯಾಸಿಯಂ ಕ್ಲೋರೈಡ್. ಅದರಲ್ಲಿರುವ ಕ್ಲೋರೈಡ್ ಅಂಶವೇ ಸಮುದ್ರದ ಉಪ್ಪಿನಲ್ಲೂ ಇದ್ದು ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ, ಮತ್ತು ಗಾಳಿಯಲ್ಲಿನ ತೇವವನ್ನು ಹೀರಿ ತಗಡನ್ನು ಒದ್ದೆಯಾಗಿಯೇ ಇಡುತ್ತದೆ. ಕಾಫಿಗೂ ಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್ ಇದೆ. ಸುಣ್ಣ ಸರಿಯಾಗಿ ಬೆರೆಯದೆ ತಾಮ್ರ ಕರಗಿದ ಸ್ಥಿತಿಯಲ್ಲೇ ಉಳಿದರೆ ಅದು ಬರಿಯ ಕಬ್ಬಿಣದ ಮೇಲೆ ಕೂತು ಪಕ್ಕದ ಕಬ್ಬಿಣವನ್ನು ಕೊರೆಯುತ್ತದೆ. ಅದಕ್ಕಾಗಿಯೇ ನಮ್ಮ ಹಿರಿಯರು ದ್ರಾವಣದಲ್ಲಿ ಕಬ್ಬಿಣದ ಕತ್ತಿ ಅದ್ದಿ, ಅದರ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಿದ್ದರು. ಗೊಬ್ಬರದ ಚೀಲವನ್ನು ಕಾರಿನ ಡಿಕ್ಕಿಯಲ್ಲಿ ತರುವವರು ನಮ್ಮ ಜಿಲ್ಲೆಯಲ್ಲಿ ಬಹಳ ಮಂದಿ ಇದ್ದಾರೆ. ಅಂಥ ಕಾರಿನ ಡಿಕ್ಕಿಯ ತಳ ತೂತಾದರೆ ಕಂಪನಿ ಒಪ್ಪುವುದಿಲ್ಲ, ಒಪ್ಪಬೇಕೆಂದು ಕೇಳುವುದೂ ಸರಿಯಲ್ಲ. ನಮ್ಮಲ್ಲಿ ಗೊಬ್ಬರ ಬರುವುದು ಜೀಪಿನಲ್ಲಿ, ಅದನ್ನು ಇಳಿಸುವ ಗೋದಾಮೂ ಕಾರಿನ ಶೆಡ್ಡೂ ಬೇರೆ ಬೇರೆ. ಡಿಕ್ಕಿಯ ಕಾರ್ಪೆಟ್ ಎತ್ತಿ ಅಡಿಯ ತಗಡು ಹೊಸದರಂತೆ ಇರುವುದನ್ನು ತೋರಿಸಿದ ಫೋಟೋಗಳೇ ಈ ಆಕ್ಷೇಪಕ್ಕೆ ಉತ್ತರವಾದವು. ಗೊಬ್ಬರದಿಂದ ತುಕ್ಕು ಬಂದಿದ್ದರೆ ಅದು ಒಂದೇ ಬಾಗಿಲಿನ ಒಳ ಅಂಚನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಕಂಪನಿಯ ತಾಂತ್ರಿಕ ವಿಭಾಗದವರು ಬಂದ ದಿನ ವರ್ಕ್‌ಶಾಪಿನಲ್ಲಿ ಬಾಗಿಲಿನ ಒಳಪ್ಯಾಡ್ ಬಿಚ್ಚಿದರು. ಮೊದಲು ಪೇಂಟಿನ ದಪ್ಪವನ್ನು ಎಲ್ಲ ಬಾಗಿಲುಗಳ ಮೇಲೂ ಅಳೆದು, ಯಾವುದಕ್ಕೂ ಹೊರಗೆ ಬಣ್ಣ ಹೊಡೆಸಿಲ್ಲ ಎಂದು ಬರೆದುಕೊಂಡರು. ಅನಂತರ ಒಳಗೆ ಕ್ಯಾಮೆರಾ ಇರುವ ತೆಳ್ಳನೆಯ ಕೇಬಲ್ ಇಳಿಸಿ ನೋಡಿದರು. ತಳದಲ್ಲಿ ಸಿಲ್ವರ್ ಓಕ್ ಎಲೆಯ ಪುಡಿ ಸ್ವಲ್ಪ ಕೂತಿತ್ತು, ಆದರೆ ಅದು ಉಳಿದ ಮೂರು ಬಾಗಿಲುಗಳಲ್ಲೂ ಇತ್ತು, ಅವುಗಳಲ್ಲಿ ತುಕ್ಕಿರಲಿಲ್ಲ. ಈ ಬಾಗಿಲಿನಲ್ಲಿ ಮಾತ್ರ ನೀರು ಹೋಗುವ ಹಿಂಭಾಗದ ತೂತು ಕಾರ್ಖಾನೆಯ ಸೀಲಂಟಿನಿಂದಲೇ ಮುಚ್ಚಿಹೋಗಿತ್ತು. ಸೀಲಂಟಿನ ಮೇಲೆ ಕಾರ್ಖಾನೆಯ ಪೇಂಟ್ ಪದರವೂ ಇದ್ದುದರಿಂದ ಅದು ಬಣ್ಣಕ್ಕೆ ಮೊದಲೇ ಅಲ್ಲಿ ಬಿದ್ದದ್ದು ಎಂಬುದರಲ್ಲಿ ಸಂಶಯ ಉಳಿಯಲಿಲ್ಲ. ನೀರು ನಿಂತ ಮಟ್ಟದವರೆಗೆ ಸತುವಿನ ಬಿಳಿ ಪುಡಿ, ಅದರ ಕೆಳಗೆ ಕೆಂಪು ತುಕ್ಕಿನ ಪದರಗಳು. ಕೊನೆಗೆ ಅವರೇ ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ಹೊರಗಿನ ಒಂದು ಗುಳ್ಳೆಯನ್ನು ಎತ್ತಿ, ಒಳಗಿನಿಂದ ಟಾರ್ಚ್ ಹಿಡಿದರು. ಬೆಳಕು ಹೊರಗೆ ಬಂತು. ತೂತು ಬಿದ್ದಿಲ್ಲ ಎಂದಿದ್ದ ಸರ್ವೀಸ್ ಅಡ್ವೈಸರೂ ಪಕ್ಕದಲ್ಲಿದ್ದರು, ಆ ಮೇಲೆ ಚರ್ಚೆಯೇ ನಡೆಯಲಿಲ್ಲ.

ಅದೇ ದಿನ ಬಾನೆಟ್ಟಿನ ಮುಂದಿನ ಅಂಚಿನಲ್ಲಿದ್ದ ಇನ್ನೊಂದು ತುಕ್ಕಿನ ಚುಕ್ಕೆಯನ್ನೂ ತೋರಿಸಿದೆವು. ಅದಕ್ಕೆ ಅವರು ಒಪ್ಪಲಿಲ್ಲ. ಅದರ ನಡುವೆ ಕಲ್ಲು ಬಡಿದ ಗುರುತು ಸ್ಪಷ್ಟವಾಗಿತ್ತು, ಒಳಮುಖ ಸ್ವಚ್ಛವಾಗಿತ್ತು. ಅವರ ತೀರ್ಮಾನ ಸರಿಯಾಗಿತ್ತು. ನಮ್ಮ ರಸ್ತೆಗಳಲ್ಲಿ, ಅದರಲ್ಲೂ ಮಳೆಗೆ ಡಾಂಬರು ಕಿತ್ತುಹೋದ ಮೇಲೆ, ಮುಂದಿನ ವಾಹನ ಸಿಡಿಸುವ ಕಲ್ಲಿಗೆ ಕಂಪನಿ ಹೊಣೆಯಲ್ಲ. ಇಂಥ ಚುಕ್ಕೆಗೆ ಅದೇ ವಾರ ಪ್ರೈಮರ್ ಮತ್ತು ಟಚ್‌ಅಪ್ ಬಣ್ಣ ಹಚ್ಚಿದರೆ ಅಲ್ಲಿಗೇ ನಿಲ್ಲುತ್ತದೆ.

ನೆರೆಯ ವಿಷಯವನ್ನು ಇಲ್ಲೇ ಹೇಳಬೇಕು. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗು ಬಡಾವಣೆಗಳಿಗೂ ಸಿದ್ದಾಪುರದ ಬಳಿಯ ಕರಡಿಗೋಡು, ಗುಹ್ಯ ಕಡೆಗೂ ನೀರು ನುಗ್ಗಿತ್ತು. ಹಾಗೆ ನೀರಿನಲ್ಲಿ ನಿಂತ ಕಾರಿನ ಹಾನಿಯನ್ನು ವಿಮೆಯವರಲ್ಲಿ ಆಗಲೇ ಕೇಳಿಕೊಳ್ಳಬೇಕು. ವರ್ಷಗಳ ನಂತರ ಅದರ ಒಳಗಿನಿಂದ ಏಳುವ ತುಕ್ಕಿಗೆ ಕಂಪನಿಯ ವಾರಂಟಿ ಸಿಗುವುದಿಲ್ಲ. ಹಳೆಯ ಕಾರು ಕೊಳ್ಳುವವರು ಬಾಗಿಲ ಬೀಡಿಂಗ್ ಎಳೆದು, ಕಾರ್ಪೆಟ್ ಎತ್ತಿ, ಕೆಸರಿನ ಗೆರೆ ಇದೆಯೇ ಎಂದು ನೋಡುವುದು ಇದಕ್ಕಾಗಿಯೇ. ಮಂಗಳೂರು, ಕಾಸರಗೋಡು ಕಡೆಯಿಂದ ಬರುವ ಕಾರುಗಳಿಗೆ ಕಡಲ ಗಾಳಿಯ ಉಪ್ಪು ಮೊದಲೇ ತಾಗಿರುತ್ತದೆ, ಇಲ್ಲಿಯ ತೇವ ಅದನ್ನು ಮುಂದುವರಿಸುತ್ತದೆ. ತುಕ್ಕಿನ ವಾರಂಟಿ ಎರಡನೆಯ ಮಾಲೀಕರಿಗೆ ಉಳಿದ ಅವಧಿಗೆ ವರ್ಗವಾಗುತ್ತದೆಯೇ ಎಂಬುದನ್ನು ಆಯಾ ಕಂಪನಿಯ ಪುಸ್ತಕದಲ್ಲೇ ನೋಡಿಕೊಳ್ಳಬೇಕು.

ಕಂಪನಿ ಕೊನೆಯವರೆಗೂ ಒಪ್ಪದಿದ್ದರೆ ಏನು ಮಾಡಬೇಕೆಂದು ನಾವು ಮೊದಲೇ ವಿಚಾರಿಸಿಟ್ಟಿದ್ದೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ನಮ್ಮಂಥ ಜಿಲ್ಲೆಯವರಿಗೆ ಅದರಲ್ಲಿ ದೊಡ್ಡ ಅನುಕೂಲವೊಂದಿದೆ. ಕಾರು ಮಾರಿದವರು ಮೈಸೂರಿನಲ್ಲಿರಲಿ, ಕಂಪನಿಯ ಕಚೇರಿ ಪುಣೆಯಲ್ಲೋ ದೆಹಲಿಯಲ್ಲೋ ಇರಲಿ, ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ನಮಗೆ ಅದು ಮಡಿಕೇರಿಯಲ್ಲೇ ಇದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿಯವರೆಗಿನ ಪ್ರಕರಣಗಳು ಜಿಲ್ಲಾ ಆಯೋಗಕ್ಕೇ ಸೇರುತ್ತವೆ, ಐದರಿಂದ ಹತ್ತು ಲಕ್ಷದ ಕಾರಿಗೆ ಶುಲ್ಕ 200 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿದರೆ ಅವರೇ ಕಂಪನಿಗೆ ತಲುಪಿಸುತ್ತಾರೆ. ಇಲ್ಲಿಯೂ ಕೇಳುವುದು ಅದೇ ಕಾಗದಗಳನ್ನು: ಜಾಬ್ ಕಾರ್ಡ್, ಫೋಟೋ, ತಪಾಸಣೆಯ ಮೊಹರು, ಇಮೇಲಿನ ಪ್ರತಿ. ನಮಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಬಾಗಿಲಿನ ಕೆಲಸ ಹೇಗಾಯಿತು ಎಂಬುದನ್ನೂ ಬರೆಯುತ್ತೇನೆ. ತೂತಾದ ಭಾಗವನ್ನು ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡುವುದೂ ಒಂದು ದಾರಿ. ಚಕ್ರದ ಮೇಲಿನ ಕಮಾನು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಭಾಗ ಮುಂತಾದ, ಬಿಚ್ಚಲಾಗದ ಜಾಗಗಳಿಗೆ ಅದೇ ಆಗಬೇಕು. ಅಂಥಲ್ಲಿ ವೆಲ್ಡಿಂಗಿನ ಬಿಸಿಗೆ ಅಕ್ಕಪಕ್ಕದ ಸತು ಸುಟ್ಟುಹೋಗುವುದರಿಂದ, ಆ ಜಾಗಕ್ಕೆ ಸತುವಿನ ಪ್ರೈಮರ್ ಹಚ್ಚಿ, ಒಳಭಾಗಕ್ಕೆ ಮೇಣ ಸಿಂಪಡಿಸಬೇಕು, ಇಲ್ಲದಿದ್ದರೆ ಅದೇ ಜಾಗ ಮತ್ತೆ ತೂತಾಗುತ್ತದೆ. ನಮ್ಮದು ಬಿಚ್ಚಿ ಜೋಡಿಸಬಹುದಾದ ಬಾಗಿಲಾದ್ದರಿಂದ ಕಾರ್ಖಾನೆಯಿಂದ ಪ್ರೈಮರ್ ಹೊದ್ದು ಬಂದ ಹೊಸ ಬಾಗಿಲನ್ನೇ ಹಾಕಿದರು. ಗಾಜು, ಮೋಟಾರು, ಲಾಕು ಹಳೆಯವೇ. ಹೊಸ ಬಣ್ಣ ಹಳೆಯದಕ್ಕೆ ಹೊಂದಲೆಂದು ಮುಂದಿನ ಬಾಗಿಲಿಗೂ ಹಿಂದಿನ ಪ್ಯಾನಲ್ಲಿಗೂ ಸ್ವಲ್ಪ ದೂರ ಬಣ್ಣ ಹಾಯಿಸಬೇಕಾಯಿತು. ಇದರ ಖರ್ಚು ಮಾಲೀಕರದೆಂದು ಮೊದಲ ಎಸ್ಟಿಮೇಟಿನಲ್ಲಿ ಸೇರಿಸಿದ್ದರು. ಆ ಬಾಗಿಲನ್ನು ಮೊದಲಿನಂತೆ ಮಾಡಿಕೊಡುವುದರ ಭಾಗವೇ ಅದು ಎಂದು ಬರೆದು ಕೇಳಿದ ಮೇಲೆ ಅದನ್ನು ತೆಗೆದರು. ಕಾರು ವರ್ಕ್‌ಶಾಪಿನಲ್ಲಿದ್ದ ದಿನಗಳ ಓಡಾಟದ ಖರ್ಚು ವಾರಂಟಿಗೆ ಸೇರುವುದಿಲ್ಲ, ಅದನ್ನು ನಾವೇ ಭರಿಸಿದೆವು.

ಕಾರನ್ನು ಮರಳಿ ಪಡೆಯುವಾಗ ಬಾಗಿಲನ್ನು ನೆರಳಿನಲ್ಲೂ ಬಿಸಿಲಿನಲ್ಲೂ ನಿಲ್ಲಿಸಿ ಬಣ್ಣ ಹೋಲಿಸಿದೆವು, ಮೇಲಿನಿಂದ ಕೆಳಗಿನವರೆಗೆ ಬಾಗಿಲ ಸಂದು ಒಂದೇ ಸಮನಾಗಿದೆಯೇ ಎಂದು ನೋಡಿದೆವು. ಅನಂತರ ಒಂದು ಬಾಟಲಿ ನೀರನ್ನು ಗಾಜಿನ ಬೀಡಿಂಗ್ ಮೇಲೆ ಸುರಿಸಿ, ಅದು ಕೆಳಗಿನ ಎರಡೂ ತೂತುಗಳಿಂದ ಹೊರಬರುವುದನ್ನು ಕಂಡ ಮೇಲೆಯೇ ಸಹಿ ಮಾಡಿದೆವು. ಮಳೆಗಾಲಕ್ಕೆ ಮುಂಚೆ ಶೋರೂಮುಗಳಲ್ಲಿ ಮಾರುವ ತುಕ್ಕುನಿರೋಧಕ ಕೋಟಿಂಗನ್ನು ಬಾಗಿಲಿನ ಅಂಚಿಗೂ ಹೊಡೆದುಕೊಡುತ್ತೇವೆ ಎಂದರು, ಬೇಡವೆಂದೆವು. ಆ ಕಪ್ಪು ಕೋಟಿಂಗ್ ಅಜಾಗರೂಕತೆಯಿಂದ ಹೊಡೆದರೆ ಇದೇ ತೂತುಗಳನ್ನು ಮುಚ್ಚುತ್ತದೆ, ಒದ್ದೆ ತಗಡಿನ ಮೇಲೆ ಹೊಡೆದರೆ ತೇವವನ್ನು ಅಡಿಯಲ್ಲೇ ಹಿಡಿದಿಡುತ್ತದೆ. ಬದಲಿಗೆ ಒಳಭಾಗಕ್ಕೆ ತೆಳುವಾದ ಮೇಣ ಸಿಂಪಡಿಸಿಕೊಂಡೆವು. ಬಿಲ್ಲಿನಲ್ಲಿ ತುಕ್ಕಿನಿಂದ ತೂತಾದ ಬಾಗಿಲನ್ನು ವಾರಂಟಿಯಡಿ ಬದಲಾಯಿಸಲಾಗಿದೆ ಎಂದು ಬರೆಯಿಸಿ, ಹೊಸ ಬಾಗಿಲಿನ ಭಾಗದ ಸಂಖ್ಯೆಯನ್ನೂ ನಮೂದಿಸಿಕೊಂಡೆವು. ಹೊಸ ಬಾಗಿಲಿಗೆ ಹೊಸ ಆರು ವರ್ಷ ಸಿಗುವುದಿಲ್ಲ. ಮೂಲ ವಾರಂಟಿಯಲ್ಲಿ ಉಳಿದಿರುವಷ್ಟೇ ಅದಕ್ಕೂ ಅನ್ವಯಿಸುತ್ತದೆ, ಬಣ್ಣದ ಕೆಲಸಕ್ಕೆ ವರ್ಕ್‌ಶಾಪ್ ಕೊಡುವ ಗ್ಯಾರಂಟಿ ಬೇರೆ. ಅದರ ಅವಧಿಯನ್ನೂ ಅದೇ ಬಿಲ್ಲಿನ ಮೇಲೆ ಬರೆಸಿಕೊಂಡು, ಉಳಿದ ಕಾಗದಗಳ ಜೊತೆ ಒಂದೇ ಫೈಲಿನಲ್ಲಿ ಇಟ್ಟಿದ್ದೇವೆ.